ಶಾಲೆಯ ವಿಳಾಸಕ್ಕೆ

ಸಾಂಗ್ಲಿ
27 ನವೆಂಬರ್ 2022

ಸೃಷ್ಟಿ, ನನ್ನ ಬಂಗಾರ,

ಪತ್ರ ಮನೆಗೆ ಬರದೆ ಶಾಲೆಗೆ ಬಂದದ್ದು ನೋಡಿ ನಿನಗೆ ಆಶ್ಚರ್ಯವಾಗಿರಬೇಕು. ಬಂದ ದಿನದಿಂದ ಮುತ್ಯಾನ ಫೋನಿಗೆ ಎಷ್ಟೋ ಸಲ ಮಾಡಿದೆ. ಒಂದೇ ಸಲ ಎತ್ತಿದರು. ನನ್ನ ದನಿ ಕೇಳಿದ ಕೂಡಲೇ ಇಟ್ಟುಬಿಟ್ಟರು. ಕೊನೆಗೆ ನಿಮ್ಮ ಅಣ್ಣಾರಾಯ ಸರ್ ಅವರನ್ನು ಕೇಳಿಕೊಂಡೆ. ಶಾಲೆಯ ವಿಳಾಸಕ್ಕೆ ಬರೆಯಿರಿ, ಹುಡುಗಿಯ ಕೈಗೇ ಮುಟ್ಟಿಸುತ್ತೇನೆ ಎಂದರು. ಬೇಕಾದರೆ ತಮ್ಮ ಫೋನಿನಲ್ಲಿ ಮಾತಾಡಿಸುತ್ತೇನೆ ಎಂದೂ ಹೇಳಿದ್ದಾರೆ. ನೀನು ಹೂಂ ಅನ್ನು, ಮಾಡುತ್ತೇನೆ.

ನಾನು ಹೊರಟಾಗ ನೀನು ಮಲಗಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ. ಹಿಂದಿನ ದಿನ ಮುತ್ಯಾ ಆಡಿದ ಮಾತನ್ನು ನೀನೂ ಬಾಗಿಲ ಮರೆಯಲ್ಲಿ ನಿಂತು ಕೇಳಿದ್ದೀ. "ಮಗ ಸತ್ತು ಮೂರು ವರ್ಷ ಆಗಿಲ್ಲ, ಸೊಸಿ ಸಾಂಗ್ಲಿಗೆ ಹೋಗಿ ಮಂದಿ ಹೊಲಸು ಬಳಿತೀನಿ ಅಂತಾಳ. ಹೋಗಾಕಿ ಹೋಗಲಿ. ಕೂಸು ಇಲ್ಲೇ ಇರತೈತಿ" ಎಂದರು. ತವರಿನಲ್ಲಿ ಬಸಗೊಂಡ ಮಾಮಾನೂ ಅವರ ಕಡೆಗೇ ಮಾತಾಡಿದ. ಹಾಗಾಗಿ ನನ್ನನ್ನು ಬಿಡಲು ಯಾರೂ ಬರಲಿಲ್ಲ. ನನ್ನ ಅತ್ತೆ, ನಿನ್ನ ಆಯಿ ಕೂಡ.

ಇದು ನರ್ಸಿಂಗ್ ಕಾಲೇಜಿನ ಹಾಸ್ಟೆಲ್. ಒಂದು ಕೋಣೆಗೆ ಆರು ಮಂಚ. ಉಳಿದ ಐವರೂ ಹದಿನೆಂಟು ಹತ್ತೊಂಬತ್ತರ ಹುಡುಗಿಯರು. ಮೊದಲ ದಿನ ನಾನು ಟ್ರಂಕು ಹಿಡಿದು ಒಳಗೆ ಬಂದಾಗ, ಯಾರದೋ ತಾಯಿ ಬಿಡಲು ಬಂದಿದ್ದಾಳೆ ಎಂದುಕೊಂಡು ಕುರ್ಚಿ ಕೊಟ್ಟರು. ಈಗ ನಂದಾತಾಯಿ ಎನ್ನುತ್ತಾರೆ. ಮರಾಠಿಯಲ್ಲಿ ತಾಯಿ ಎಂದರೆ ಅಕ್ಕ. ನಮ್ಮ ಕಿವಿಗೆ ಬೇರೆಯೇ ಕೇಳಿಸುತ್ತದೆ. ಪ್ರತಿ ಸಲ ತಿರುಗಿ ನೋಡುತ್ತೇನೆ.

ಸಂಕ್ರಮಣಕ್ಕೆ ಬರುತ್ತೇನೆ. ಸರಿಯಾಗಿ ಉಣ್ಣು.

ನಿನ್ನ ಅವ್ವ

---

ತಿಕೋಂಡಿ
9 ಡಿಸೆಂಬರ್ 2022

ಪ್ರೀತಿಯ ಅವ್ವನಿಗೆ ಸೃಷ್ಟಿಯ ನಮಸ್ಕಾರಗಳು. ನಾವೆಲ್ಲರೂ ಇಲ್ಲಿ ಆರಾಮ ಇದ್ದೇವೆ. ನೀನೂ ಅಲ್ಲಿ ಆರಾಮ ಇದ್ದೀ ಎಂದು ತಿಳಿದಿದ್ದೇನೆ. ಹೀಗೆ ಶುರು ಮಾಡಬೇಕೆಂದು ಸರ್ ಹೇಳಿದರು.

ನಾನು ಸರಿಯಾಗಿ ಉಣ್ಣುತ್ತೇನೆ. ಕಪ್ಪು ಆಡು ಎರಡು ಮರಿ ಹಾಕಿದೆ. ಆಯಿ ನನ್ನ ಜಡೆ ಹಾಕುತ್ತಾಳೆ, ಬಹಳ ಬಿಗಿ ಎಳೆಯುತ್ತಾಳೆ. ಮುತ್ಯಾ ನಿನ್ನ ಸುದ್ದಿ ತೆಗೆಯುವುದಿಲ್ಲ.

ಸರ್ ಫೋನಿನಲ್ಲಿ ಮಾತಾಡುವುದು ಬೇಡ. ಆಫೀಸಿನಲ್ಲಿ ಎಲ್ಲರೂ ಕುಳಿತಿರುತ್ತಾರೆ. ನನಗೆ ಅಳು ಬಂದರೆ ಎಲ್ಲರಿಗೂ ಕಾಣುತ್ತದೆ. ಪತ್ರವೇ ಬರಿ.

ನಿನ್ನ ಕೋರ್ಸು ಎರಡು ವರ್ಷದ್ದು ಎಂದು ಸರ್ ಅಂದರು. ನೀನು ನನಗೆ ಹಾಗೆ ಹೇಳಿರಲಿಲ್ಲ. ಸಂಕ್ರಮಣಕ್ಕೆ ಬಂದಾಗ ಅದು ನಿಜವೋ ಅಲ್ಲವೋ ಹೇಳು.

ಸೃಷ್ಟಿ ಗುರುಸಿದ್ದ
ಆರನೆಯ ತರಗತಿ

---

ಸಾಂಗ್ಲಿ
22 ಜನವರಿ 2023

ಸೃಷ್ಟಿ,

ಸಂಕ್ರಮಣಕ್ಕೆ ರಜೆ ಕೊಡಲಿಲ್ಲ. ಸರ್ ಹೇಳಿದ್ದು ನಿಜ. ಎರಡು ವರ್ಷ. ಹೊರಡುವ ಮೊದಲು ನಿನ್ನ ಮುಂದೆ ಆ ಮಾತು ಹೇಳಲು ನನಗೆ ಬಾಯಿ ಬರಲಿಲ್ಲ.

ಇಲ್ಲಿ ಏನು ಕಲಿತೆ ಎಂದರೆ, ಮಲಗಿದ ರೋಗಿಯನ್ನು ಎಬ್ಬಿಸದೆ ಅವನ ಕೆಳಗಿನ ಹಾಸಿಗೆ ಬದಲಿಸುವುದು ಕಲಿತೆ. ಕೈಗಡಿಯಾರ ನೋಡುತ್ತ ನಾಡಿ ಎಣಿಸುವುದು ಕಲಿತೆ. ಪುಸ್ತಕದ ಮರಾಠಿ ಮಾತ್ರ ಬಾಯಿಗೆ ಹತ್ತುವುದಿಲ್ಲ. ಸಂತೆಯ ಮರಾಠಿ ಬೇರೆ, ಇದು ಬೇರೆ. ಕವಠೆ ಕಡೆಯ ಸೋನಾಲಿ ಎಂಬ ಹುಡುಗಿ ನನ್ನ ಪಕ್ಕದ ಮಂಚದವಳು. ದಿನಾ ಒಂದು ಪುಟ ನನಗೆ ಓದಿ ಹೇಳುತ್ತಾಳೆ. ಅವಳ ಬಟ್ಟೆಗೆ ನಾನು ಗುಂಡಿ ಹಚ್ಚಿಕೊಡುತ್ತೇನೆ.

ಮೊನ್ನೆ ಜತ್ತದ ಕಡೆಯ ಒಬ್ಬ ಮುದುಕಿ ವಾರ್ಡಿನಲ್ಲಿ ಯಾರು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಕನ್ನಡ ಬರುತ್ತದೆಂದು ನನ್ನನ್ನು ಕರೆಸಿದರು. "ಎಲ್ಲಿ ನೋಯಾಕತ್ತೈತಿ, ಆಯಿ?" ಎಂದೆ. ನನ್ನ ಕೈ ಹಿಡಿದುಕೊಂಡು ಅಳತೊಡಗಿದಳು. ಅವಳಿಗೆ ಶಿವಲಿಂಗವ್ವ ಎಂದು ಹೆಸರು. ಆ ದಿನವೆಲ್ಲ ಮೇಡಂ ನನ್ನನ್ನು ಅವಳ ಹತ್ತಿರವೇ ಇಟ್ಟರು. ಇಲ್ಲಿಗೆ ಬಂದಮೇಲೆ ನಾನೂ ಬೇಕಾದವಳು ಅನ್ನಿಸಿದ್ದು ಅದೇ ಮೊದಲ ದಿನ.

ಸಿಟ್ಟು ಬಂದಿದ್ದರೆ ಸಿಟ್ಟು ಬಂದಿದೆ ಎಂದು ಬರಿ. ಬರೆಯದೆ ಮಾತ್ರ ಇರಬೇಡ.

ಅವ್ವ

---

ತಿಕೋಂಡಿ
3 ಮಾರ್ಚ್ 2023

ಅವ್ವ,

ಸಿಟ್ಟು ಇಲ್ಲ. ಪರೀಕ್ಷೆ ಹತ್ತಿರ ಬಂದಿದೆ.

ಈಗ ಜಡೆ ನಾನೇ ಹಾಕಿಕೊಳ್ಳುತ್ತೇನೆ. ರೊಟ್ಟಿ ಬಡಿಯಲೂ ಕಲಿತಿದ್ದೇನೆ, ಅಂಚು ಒಡೆಯುತ್ತದೆ, ಮುತ್ಯಾ ಏನೂ ಅನ್ನದೆ ತಿನ್ನುತ್ತಾನೆ. ನೀನು ನನ್ನ ಚಿಂತೆ ಮಾಡಬೇಡ. ನನ್ನದೆಲ್ಲ ನಾನೇ ಮಾಡಿಕೊಳ್ಳುತ್ತೇನೆ.

ಸೃಷ್ಟಿ

---

ಸಾಂಗ್ಲಿ
13 ಆಗಸ್ಟ್ 2023

ಸೃಷ್ಟಿ,

ಮಾರ್ಚಿನಿಂದ ನಿನ್ನ ಪತ್ರವಿಲ್ಲ. "ನನ್ನದೆಲ್ಲ ನಾನೇ ಮಾಡಿಕೊಳ್ಳುತ್ತೇನೆ" ಎಂಬ ಸಾಲನ್ನು ಓದಿ ಓದಿ ಕಾಗದದ ಮಡಿಕೆ ಹರಿದಿದೆ. ಇನ್ನು ನೀನು ಬೇಕಿಲ್ಲ ಎಂದು ಹೇಳುತ್ತಿದ್ದೀಯಾ?

ನನ್ನ ಪರೀಕ್ಷೆ ಚಲೋ ಆಯಿತು.

ಒಂದು ಮಾತನ್ನು ನಿನಗೆ ಯಾವತ್ತೂ ಹೇಳಿಲ್ಲ. ನಿನ್ನ ಅಪ್ಪ ಹೋದ ಮಾರನೆಯ ವರ್ಷ ನಿನಗೆ ಜ್ವರ ಬಂದಿತ್ತು. ಮೈ ಕೆಂಡವಾಗಿತ್ತು, ಕಣ್ಣು ಮೇಲೆ ಹೋಗುತ್ತಿದ್ದವು. ಮುತ್ಯಾ ಸಂಖದ ಸಂತೆಗೆ ಹೋಗಿದ್ದರು. ಅವರು ಬರಲಿ, ಕೇಳಿಯೇ ಹೋಗೋಣ ಎಂದು ನಿನ್ನ ಆಯಿ ಅಂದರು. ನಾನೂ ಕೇಳಿದೆ ಆ ಮಾತನ್ನು. ನಿನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತೆ. ಹೊತ್ತು ನೆತ್ತಿಯಿಂದ ಇಳಿಯಿತು. ಊರಿಗೆ ಬರುವ ನರ್ಸ್ ಬಾಯಿ ಆ ದಾರಿಯಲ್ಲಿ ಬಂದವಳು, ನೋಡಿದವಳೇ ಯಾರನ್ನೂ ಕೇಳದೆ ನಿನ್ನನ್ನು ನನ್ನ ತೊಡೆಯಿಂದ ಎತ್ತಿಕೊಂಡು ದವಾಖಾನೆಯ ಕಡೆ ನಡೆದಳು. ಅವಳು ನನ್ನಷ್ಟೇ ವಯಸ್ಸಿನವಳು. ನನ್ನ ಮಗಳನ್ನು ಎತ್ತಿಕೊಂಡು ನಡೆಯಲು ಅವಳಿಗೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ನನಗೆ ಬೇಕಾಗಿತ್ತು. ಆ ದಿನದಿಂದ ನನಗೆ ಆ ಮನೆಯಲ್ಲಿ ಸರಿಯಾಗಿ ಕೂರಲಾಗಲಿಲ್ಲ.

ನಿನ್ನನ್ನು ಬಿಟ್ಟು ಬಂದದ್ದು ಅದಕ್ಕೇ. ನಿನಗೆ ಇದು ಅರ್ಥವಾಗಬೇಕು ಎಂದೇನಿಲ್ಲ. ಗೊತ್ತಿರಲಿ ಎಂದು ಬರೆದೆ.

ಅವ್ವ

---

ತಿಕೋಂಡಿ
30 ಸೆಪ್ಟೆಂಬರ್ 2023

ಅವ್ವ,

ಪತ್ರ ಎರಡು ಸಲ ಓದಿದೆ. ಜ್ವರದ ದಿನ ನನಗೆ ನೆನಪಿಲ್ಲ.

ನೀನು ಬೇಡ ಎಂದು ನಾನು ಬರೆದಿರಲಿಲ್ಲ. ನನ್ನ ಚಿಂತೆಯಲ್ಲಿ ನಿನ್ನ ಓದು ಕೆಡಬಾರದು ಎಂದು ಬರೆದೆ. ನೀನು ಲಗೂನ ಮುಗಿಸಿದರೆ ಲಗೂನ ಬರುತ್ತೀ ಎಂದು. ಎರಡು ವರ್ಷವೆಂದರೆ ಎಷ್ಟು ಓದಿದರೂ ಎರಡೇ ವರ್ಷ ಎಂದು ಆಮೇಲೆ ಸರ್ ಹೇಳಿದರು.

ಈ ತಿಂಗಳು ಐದು ದಿನ ಶಾಲೆಗೆ ಹೋಗಲಿಲ್ಲ. ಜ್ವರ ಅಲ್ಲ. ಆಯಿ ಎಲ್ಲ ಹೇಳಿಕೊಟ್ಟಳು, ಬಿಸಿನೀರು ಕಾಸಿ ಕೊಟ್ಟಳು, ಯಾವ ಕೆಲಸಕ್ಕೂ ಹಚ್ಚಲಿಲ್ಲ. ಆ ಐದು ದಿನ ಅವಳು ನನ್ನನ್ನು ಬೈಯಲೂ ಇಲ್ಲ. ನೀನು ನರ್ಸ್ ಆಗುವವಳು, ಏನು ಎಂದು ನಿನಗೆ ತಿಳಿಯುತ್ತದೆ. ಸರ್ ಪತ್ರ ತೆರೆದು ಓದುವುದಿಲ್ಲ, ಆದರೂ ಇಷ್ಟೇ ಬರೆಯುತ್ತೇನೆ.

ಸೃಷ್ಟಿ

---

ಸಾಂಗ್ಲಿ
15 ಅಕ್ಟೋಬರ್ 2023

ನನ್ನ ಮಗಳೇ,

ತಿಳಿಯಿತು. ಈ ವಾರವೆಲ್ಲ ಹೆರಿಗೆ ವಾರ್ಡಿನಲ್ಲಿ ಕೆಲಸ. ಬೇರೆಯವರ ಹೆಣ್ಣುಮಕ್ಕಳ ತಲೆ ಸವರಿ ಧೈರ್ಯ ಹೇಳುತ್ತೇನೆ. ನಿನ್ನ ಹತ್ತಿರ ಇರಬೇಕಾದ ದಿನ ಇರಲಿಲ್ಲ. ಅದನ್ನು ಯಾವ ರಜೆಯಲ್ಲಿ ಬಂದು ತುಂಬಿಕೊಡಲಿ? ಆಯಿಗೆ ನನ್ನ ಶರಣು ಹೇಳು. ನಾನು ಹೇಳಿದ್ದು ಎಂದು ಮುತ್ಯಾನ ಮುಂದೆ ಹೇಳಬೇಡ.

ಒಂದು ಸುದ್ದಿ ಇದೆ. ಎರಡನೆಯ ವರ್ಷದವರನ್ನು ಹಳ್ಳಿಯ ದವಾಖಾನೆಗಳಿಗೆ ಕಳಿಸುತ್ತಾರೆ. ನಾನು ಮೇಡಂ ಹತ್ತಿರ ಕೇಳಿ ಸಂಖವನ್ನೇ ಹಾಕಿಸಿಕೊಂಡಿದ್ದೇನೆ. ಫೆಬ್ರುವರಿಯಲ್ಲಿ ಹದಿನೈದು ದಿನ. ಬಸ್ಸು ಹತ್ತಿದರೆ ನಿನ್ನೂರು. ಯಾರು ಬೇಡವೆಂದರೂ ಒಂದು ಐತವಾರ ಬಂದೇ ಬರುತ್ತೇನೆ.

ಅವ್ವ

---

ತಿಕೋಂಡಿ
8 ಮಾರ್ಚ್ 2024

ಅವ್ವ,

ನಮ್ಮ ಓಣಿಯ ಲಗಮಣ್ಣ ಕಾಕಾ ನಿನ್ನನ್ನು ಸಂಖದಲ್ಲಿ ನೋಡಿದ. ಬಿಳಿ ಬಟ್ಟೆ ಹಾಕಿಕೊಂಡು ಇನ್ನಿಬ್ಬರು ಹುಡುಗಿಯರ ಜೊತೆ ನಗುತ್ತ ಹೋಗುತ್ತಿದ್ದಳು ಎಂದು ಬಂದು ಹೇಳಿದ.

ಎರಡು ಐತವಾರ ನಾನು ಬಸ್ ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಮುಂಜಾನೆಯ ಬಸ್ಸು, ಮಧ್ಯಾಹ್ನದ ಬಸ್ಸು, ಸಂಜೆಯ ಬಸ್ಸು. ಗೆಳತಿಯ ಮನೆಗೆ ಹೋಗುತ್ತೇನೆ ಎಂದು ಆಯಿಗೆ ಹೇಳಿದ್ದೆ. ಎರಡನೆಯ ಐತವಾರ ಕಂಡಕ್ಟರ್ ಕೂಡ ಕೇಳಿದ, ಯಾರು ಬರಬೇಕು ಎಂದು. ಯಾರೂ ಇಲ್ಲ ಎಂದೆ.

ನೀನು ಹೊರಟ ದಿನ ನಾನು ಮಲಗಿರಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಎಬ್ಬಿಸುತ್ತೀ ಎಂದು ಕಾಯುತ್ತಿದ್ದೆ.

ಸೃಷ್ಟಿ

---

ಸಾಂಗ್ಲಿ
17 ಮಾರ್ಚ್ 2024

ಸೃಷ್ಟಿ,

ಬರಬೇಕೆಂದೇ ಇದ್ದೆ. ಎರಡೂ ಐತವಾರ ಡ್ಯೂಟಿ ಹಾಕಿದರು. ಬಿಡಲಿಲ್ಲ. ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮಲಗಿರಲಿಲ್ಲ ಎಂದು ಬರೆದಿದ್ದೀ. ಅದಕ್ಕೆ ಏನು ಬರೆಯಲಿ ಎಂದು ಮೂರು ದಿನ ಪೆನ್ನು ಹಿಡಿದು ಕುಳಿತೆ.

ಅವ್ವ

---

ಸಾಂಗ್ಲಿ
14 ಏಪ್ರಿಲ್ 2024

ಸೃಷ್ಟಿ,

ಉತ್ತರ ಬಂದಿಲ್ಲ. ಮೇ ತಿಂಗಳು ಶಾಲೆಗೆ ರಜೆ, ಆಮೇಲೆ ಬರೆದ ಪತ್ರ ನಿನ್ನ ಕೈ ಸೇರುವುದಿಲ್ಲ. ಅದಕ್ಕೆ ಇದನ್ನು ಗಡಿಬಿಡಿಯಲ್ಲಿ ಹಾಕುತ್ತಿದ್ದೇನೆ. ನೀನು ಬರೆಯದಿದ್ದರೂ ನಾನು ಬರೆಯುತ್ತೇನೆ. ಏಳನೆಯ ತರಗತಿಯ ಪರೀಕ್ಷೆ ಚಲೋ ಬರಿ. ಬಿಸಿಲಿನಲ್ಲಿ ಆಡು ಕಾಯಲು ಹೋದರೆ ತಲೆಗೆ ಬಟ್ಟೆ ಕಟ್ಟಿಕೋ.

ಅವ್ವ

---

ತಿಕೋಂಡಿ
21 ಜೂನ್ 2024

ಅವ್ವ,

ನಿನಗೆ ಒಂದು ಪತ್ರ ಬರೆದಿದ್ದೆ. ಇನ್ನು ಮುಂದೆ ನನಗೆ ಬರೆಯಬೇಡ ಎಂದು ಅದರಲ್ಲಿತ್ತು. ನಾನು ಬರೆಯುವಾಗ ಆಯಿ ಪಕ್ಕದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಏನು ಬರೆದಿ, ಓದು ಎಂದಳು. ಓದಿದೆ. ಶೇಂಗಾ ಬದಿಗೆ ಸರಿಸಿ, "ಅದನ ಹರಿ. ನಾ ಹೇಳೂದು ಬರಿ" ಎಂದಳು. ಅವಳು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ.

"ನಂದಾ, ನಾ ನಿನ್ನತ್ತಿ. ಹುಡುಗಿ ಬರಿಯಾಕತ್ತಾಳ. ನೀ ಸಂಖದಾಗ ಇದ್ದಾಗ ಮೊದಲನೇ ಐತವಾರ ಬಂದಿದ್ದಿ. ಊರತನಕ ಹೋಗದ ನಮ್ಮ ಹೊಲದ ಹತ್ರನ ಬಸ್ಸು ಇಳದಿ. ನಾವಿಬ್ಬರೂ ಬದುವಿನ ಮ್ಯಾಲೆ ಕುಂತಿದ್ದಿವಿ."

ಅವ್ವ, ಇಲ್ಲಿ ನಾನು ಬರೆಯುವುದನ್ನು ನಿಲ್ಲಿಸಿದೆ. ಯಾವಾಗ, ಎಷ್ಟು ಹೊತ್ತಿಗೆ ಎಂದು ಆಯಿಯನ್ನು ಕೇಳಿದೆ. ನಾನು ಆಗ ಸ್ಟ್ಯಾಂಡಿನಲ್ಲಿ ಕುಳಿತಿದ್ದೆ. ಆಯಿ ಬರಿ ಎಂದಳು.

"ಅಂವ ಎದ್ದು ನಿನ್ನ ಅಡ್ಡ ನಿಂತ. ಇರಾಕ ಬಂದಿದ್ರ ಮನಿಗೆ ನಡಿ, ನೋಡಿ ಹೋಗಾಕ ಬಂದಿದ್ರ ಬ್ಯಾಡ ಅಂದ. ನೀ ಹ್ವಾದ ಮ್ಯಾಲೆ ಕೂಸು ಒಂದು ತಿಂಗಳ ಸರಿಯಾಗಿ ಉಂಡಿಲ್ಲ, ತಾಟಿನ ಮುಂದ ಕುಂತು ಬಾಗಲಾ ನೋಡತಿತ್ತು, ಈಗ ಎಲ್ಲೋ ಉಣ್ಣಾಕ ಹತ್ತೈತಿ, ಮತ್ತ ಮೊದಲಿಂದ ಸುರು ಮಾಡಬ್ಯಾಡ ಅಂದ. ನೀ ಕೈಯಾಗಿನ ಚೀಲ ನನ್ನ ಹತ್ರ ಕೊಟ್ಟಿ. ಬರೂ ಬಸ್ಸಿಗೆ ಕೈ ಮಾಡಿ ಹ್ವಾದಿ. ನಾ ಅಲ್ಲೇ ಇದ್ದೆ, ಬಾಯಿ ಬಿಡಲಿಲ್ಲ. ಅಂವ ಕೂಸಿನ ಸಲುವಾಗಿ ಅಂದ, ಅದು ಖರೇನ. ಆದರ ನನ್ನ ಬಾಯಿ ನಾ ಬಿಡಬೇಕಾಗಿತ್ತು. ಈಗ ಇವಳು ನಿನ್ನ ಮ್ಯಾಲೆ ಸಿಟ್ಟು ಹಿಡಕೊಂಡು ಒಣಗಾಕತ್ತಾಳ. ಅರ್ಧಕ್ಕ ಬಿಟ್ಟು ಬರಬ್ಯಾಡ. ನೋಡಿ ಹೋಗಾಕೂ ಬರಬ್ಯಾಡ. ಮುಗಿಸು."

ಆಯಿ ಹೇಳಿದ್ದು ಇಷ್ಟು.

ಚೀಲದಲ್ಲಿ ಇದ್ದ ನೀಲಿ ಡ್ರೆಸ್ ಸಂಖದ ಸಂತೆಯದು ಎಂದು ಆಯಿ ನನಗೆ ಹೇಳಿದ್ದಳು. ಅದು ಭುಜಕ್ಕೆ ಬಿಗಿಯಾಗಿತ್ತು. ಈ ಮನೆಯಲ್ಲಿ ನನ್ನ ಅಳತೆ ಯಾರಿಗೂ ಗೊತ್ತಿಲ್ಲ ಎಂದು ಅವಳ ಮೇಲೆ ಸಿಟ್ಟು ಮಾಡಿದ್ದೆ. ನಿನಗೆ ಗೊತ್ತಿದ್ದದ್ದು ನೀನು ಹೊರಟಾಗಿನ ಅಳತೆ.

ನಾನು ಉಂಡಿರಲಿಲ್ಲ, ಅದು ನಿಜ. ಸರಿಯಾಗಿ ಉಣ್ಣುತ್ತೇನೆ ಎಂದು ಸುಳ್ಳು ಬರೆದಿದ್ದೆ. ನೀನು ಡ್ಯೂಟಿ ಎಂದು ಸುಳ್ಳು ಬರೆದೆ. ಇನ್ನು ಇಬ್ಬರೂ ಹೀಗೆ ಮಾಡುವುದು ಬೇಡ.

ಸೃಷ್ಟಿ

---

ಸಾಂಗ್ಲಿ
30 ಜೂನ್ 2024

ಸೃಷ್ಟಿ,

ಬೇಡ ಎಂದೆಯಲ್ಲ, ಹಾಗಾದರೆ ಉಳಿದ ಸುಳ್ಳನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಪರೀಕ್ಷೆ ಚಲೋ ಆಯಿತು ಎಂದು ಬರೆದಿದ್ದೆ. ಒಂದು ವಿಷಯದಲ್ಲಿ ನಪಾಸಾಗಿದ್ದೆ. ಅದನ್ನು ಎರಡನೆಯ ಸಲ ಬರೆದು ಪಾಸಾದೆ. ದೀಪಾವಳಿಗೆ ಎಲ್ಲರೂ ಊರಿಗೆ ಹೋದಾಗ ನಾನು ಖಾಲಿ ಕೋಣೆಯಲ್ಲಿ ಕುಳಿತು ಅದನ್ನೇ ಓದುತ್ತಿದ್ದೆ. ಐದು ಮಂಚಗಳ ಹಾಸಿಗೆ ಮಡಿಸಿ ಇಟ್ಟಿದ್ದರು. ನಿನಗೆ ಹೇಳಿದರೆ, ಮಗಳನ್ನು ಬಿಟ್ಟು ಹೋದವಳು ಅದನ್ನೂ ನೆಟ್ಟಗೆ ಮಾಡಲಿಲ್ಲ ಎಂದುಕೊಳ್ಳುತ್ತೀ ಎಂದು ಹೆದರಿದೆ.

ಆ ಐತವಾರ ಮುತ್ಯಾ ಅಡ್ಡ ನಿಂತರೆಂದು ನಾನು ತಿರುಗಿ ಹೋದದ್ದಲ್ಲ. ಅವರನ್ನು ದಾಟಿಕೊಂಡು ಹೋಗುವ ಧೈರ್ಯ ಆಗ ನನಗೆ ಬಂದಿತ್ತು. ನೀನು ತಾಟಿನ ಮುಂದೆ ಕುಳಿತು ಬಾಗಿಲು ನೋಡುತ್ತಿದ್ದೆ ಎಂದರಲ್ಲ, ಅದನ್ನು ಕೇಳಿದ ಮೇಲೆ ಕಾಲು ಮುಂದೆ ಹೋಗಲಿಲ್ಲ. ಅವರ ಮೇಲೆ ಸಿಟ್ಟು ಮಾಡಬೇಡ. ನೀನು ಅವರ ಜೊತೆ ಇರಬೇಕಾದವಳು, ಅದಕ್ಕೇ ನಿನಗೆ ಹೇಳಿರಲಿಲ್ಲ.

ನಿನ್ನ ಭುಜದ ಅಳತೆ ತೆಗೆದು ಕಳಿಸು. ಎತ್ತರವನ್ನೂ ಕಳಿಸು. ಆಯಿಯನ್ನು ಕೇಳು, ನೂಲು ಹಿಡಿದು ಅಳೆಯುತ್ತಾರೆ.

ಅವ್ವ

---

ಸಾಂಗ್ಲಿ
2 ಫೆಬ್ರುವರಿ 2025

ಸೃಷ್ಟಿ,

ಪಾಸಾದೆ. ಎಲ್ಲ ವಿಷಯಗಳಲ್ಲಿ. ಒಂದು ಆಸ್ಪತ್ರೆಯಲ್ಲಿ ಕೆಲಸವೂ ಸಿಕ್ಕಿದೆ. ಮೊದಲ ತಿಂಗಳುಗಳಲ್ಲಿ ರಜೆಯಿಲ್ಲ. ಬಸ್ ಸ್ಟ್ಯಾಂಡಿನಿಂದ ಹದಿನೈದು ನಿಮಿಷದ ನಡಿಗೆಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ. ಸೋನಾಲಿ ಬಂದು ಗೋಡೆಗೆ ಸುಣ್ಣ ಹಚ್ಚಿಕೊಟ್ಟಳು. ಮನೆ ಮಾಲೀಕರು "ಯಾರ ಹೆಸರಿಗೆ?" ಎಂದು ಕೇಳಿದಾಗ ನನ್ನ ಹೆಸರು ಹೇಳಿದೆ. ಅವರು ಬರೆದುಕೊಂಡರು. ಅಷ್ಟೇ. ಇಷ್ಟು ಸರಳವೇ ಎಂದು ಮೆಟ್ಟಿಲ ಮೇಲೆ ಕುಳಿತುಬಿಟ್ಟೆ.

ನಿನ್ನ ಶಾಲೆ ಎಂಟನೆಯತನಕ. ಒಂಬತ್ತನೆಯದಕ್ಕೆ ಇಲ್ಲಿ ಬರುತ್ತೀಯಾ? ಮರಾಠಿ ಶಾಲೆ. ಮೊದಮೊದಲು ಕಷ್ಟವಾಗುತ್ತದೆ, ನನಗೂ ಆಗಿತ್ತು. ಬಾ ಎಂದು ಹೇಳುವುದಿಲ್ಲ, ಕೇಳುತ್ತಿದ್ದೇನೆ. ಆಯಿಯನ್ನು ಬಿಟ್ಟು ಬರಲು ಮನಸ್ಸಿಲ್ಲದಿದ್ದರೆ ಹಾಗೆಯೇ ಬರಿ. ಹೂಂ ಎಂದರೆ ಮೇ ತಿಂಗಳಲ್ಲಿ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.

ಅವ್ವ

---

ತಿಕೋಂಡಿ
25 ಏಪ್ರಿಲ್ 2025

ಅವ್ವ,

ಉತ್ತರಕ್ಕೆ ತಡವಾಯಿತು. ಪರೀಕ್ಷೆ ಇತ್ತು. ಅದಲ್ಲದೆ ಮನೆಯಲ್ಲಿ ಮಾತು ಮುಗಿಯಬೇಕಿತ್ತು.

ನಿನ್ನ ಪತ್ರವನ್ನು ಮನೆಯಲ್ಲಿ ಎಲ್ಲರ ಮುಂದೆ ಓದಿದೆ. ಮುತ್ಯಾ ಎದ್ದು ಆಡುಗಳ ಹತ್ತಿರ ಹೋದ. ಎಂಟು ದಿನ ಆ ಮಾತು ಎತ್ತಲಿಲ್ಲ. ಒಂಬತ್ತನೆಯ ದಿನ ಉಣ್ಣುತ್ತ, "ಅಲ್ಲಿ ಜ್ವಾಳದ ಹಿಟ್ಟು ಸಿಗತೈತೋ ಇಲ್ಲೋ" ಎಂದ. ಸಿಗುತ್ತದೆ ಎಂದೆ. "ಸಿಕ್ಕರೂ ಅದು ನಮ್ಮ ಜ್ವಾಳ ಆಗೂದಿಲ್ಲ" ಎಂದ. ಈಗ ಒಂದು ಚೀಲ ಕಟ್ಟಿ ಇಟ್ಟಿದ್ದಾನೆ. ನಾನು ಅದನ್ನು ಹೊತ್ತುಕೊಂಡು ಬಸ್ಸು ಹೇಗೆ ಹತ್ತಬೇಕು ಎಂದು ಅವನು ವಿಚಾರ ಮಾಡಿಲ್ಲ.

ಬರುತ್ತೇನೆ. ಆದರೆ ನೀನು ಕರೆಯಲು ಬರಬೇಡ. ಮುತ್ಯಾನಿಗೆ ಹೆದರಿ ಹೇಳುತ್ತಿಲ್ಲ. ಬರೂಮುಂದ ಇಬ್ಬರೂ ಕೂಡೇ ಬರ್ರಿ ಎಂದು ಅವನೇ ಹೇಳಿದ್ದಾನೆ, ದೀಪಾವಳಿಗೆ ಹಾಗೆ ಬರೋಣ. ಈಗ ನೀನು ಬಂದರೆ ನಾನು ನಿನ್ನನ್ನೇ ನೋಡುತ್ತ ನಿಲ್ಲುತ್ತೇನೆ, ಆಯಿಯ ಕಡೆ ನೋಡುವುದಿಲ್ಲ. ಆಯಿಗೆ ಸರಿಯಾಗಿ ಹೇಳಿ ನಾನು ಹೊರಡಬೇಕು. ಎರಡು ದಿನದಿಂದ ಅವಳು ನನ್ನ ಹೆಸರು ಹಿಡಿದು ಕರೆಯುತ್ತಾಳೆ. ಏನು ಎಂದು ಹೋದರೆ ಏನೂ ಇಲ್ಲ ಎನ್ನುತ್ತಾಳೆ.

ಮೇ ನಾಲ್ಕು, ಐತವಾರ. ಜತ್ತದತನಕ ಮುತ್ಯಾ ಬಂದು ಸಾಂಗ್ಲಿಯ ಬಸ್ಸಿನಲ್ಲಿ ಕೂಡಿಸುತ್ತಾನೆ. ಅಲ್ಲಿಂದ ಮುಂದೆ ಒಬ್ಬಳೇ. ನನಗೆ ಮರಾಠಿಯಲ್ಲಿ ಕೇಳಲು ಬರುತ್ತದೆ. ಮಧ್ಯಾಹ್ನ ಮೂರರ ಸುಮಾರಿಗೆ ಮುಟ್ಟಬಹುದು.

ನೀನು ಸ್ಟ್ಯಾಂಡಿನಲ್ಲಿ ಒಂದೇ ಕಡೆ ನಿಂತಿರು. ಬಸ್ಸಿನಿಂದ ಬಸ್ಸಿಗೆ ಓಡಾಡಿ ಹುಡುಕಬೇಡ. ಆಯಿ ನೂಲಿನಿಂದ ಅಳೆದ ಮೇಲೂ ನಾನು ಬೆಳೆದಿದ್ದೇನೆ, ಹಾಗಾಗಿ ನಿನಗೆ ಗುರುತು ಸಿಗದೆ ಹೋಗಬಹುದು. ಅದಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿನ್ನ ಗುರುತು ನನಗಿದೆ. ನಾನೇ ಬಂದು ಅವ್ವ ಎನ್ನುತ್ತೇನೆ, ಆಗ ತಿರುಗಿ ನೋಡು.

ಸೃಷ್ಟಿ